ನಿಮಗಿದು ಗೊತ್ತೆ? ಫ್ಯಾನಿಗೂ ಬೆನ್ನುಂಟು

ಡೆಸ್ಕ್‌ಟಾಪ್ ಕಂಪ್ಯೂಟರಿನ ಕ್ಯಾಬಿನೆಟ್ಟಿಗೆ ಕೂರಿಸುವ 120 ಮಿ.ಮೀ. ಫ್ಯಾನಿಗೆ ಮುಖ ಯಾವುದು, ಬೆನ್ನು ಯಾವುದು? ಮೋಟಾರನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಗಳು ಯಾವ ಬದಿಗಿವೆಯೋ, ಅದೇ ಬೆನ್ನು; ಗಾಳಿ ಸಾಮಾನ್ಯವಾಗಿ ಆ ಬದಿಯಿಂದಲೇ ಹೊರಬೀಳುತ್ತದೆ. ಅನುಮಾನವಿದ್ದರೆ ಟಿಶ್ಯೂ ಕಾಗದದ ಚೂರೊಂದನ್ನು ಹಿಡಿದು ನೋಡಿ: ಜಾಲರಿಗೆ ಅಂಟಿಕೊಂಡರೆ ಗಾಳಿ ಒಳಕ್ಕೆ, ಪಟಪಟನೆ ಹಾರಿದರೆ ಹೊರಕ್ಕೆ. ರೂಢಿಯ ಜೋಡಣೆಯಲ್ಲಿ ಮುಂದಿನಿಂದ ತಣ್ಣನೆ ಗಾಳಿ ಬಂದು, ಹಿಂದಿನಿಂದಲೂ ಮೇಲಿನಿಂದಲೂ ಬಿಸಿಗಾಳಿ ಹೋಗುತ್ತದೆ. ಒಳಬರುವ ಗಾಳಿ ತುಸು ಹೆಚ್ಚಿದ್ದರೆ ಒಳಗಿನ ಒತ್ತಡವೂ ಹೆಚ್ಚಿ, ಸಂದುಗೊಂದುಗಳಿಂದ ದೂಳು ನುಸುಳುವುದು ಕಡಿಮೆಯಾಗುತ್ತದೆ. ದೂಳಿನ ಬಹುಪಾಲು, ಗಾಳಿ ಒಳಬರುವಲ್ಲಿರುವ ಫಿಲ್ಟರಿನಲ್ಲೇ ಉಳಿಯುತ್ತದೆ. ಆ ಫಿಲ್ಟರನ್ನು ಕೊಡವುವವರು ಮಾತ್ರ ಅಪರೂಪ! ಇನ್ನು ಕ್ಯಾಬಿನೆಟ್ಟನ್ನು ಮೇಜಿನ ಗೂಡಿಗೆ ತುರುಕಿ ಬೆನ್ನನ್ನು ಗೋಡೆಗೊತ್ತಿಟ್ಟರೆ, ಹೊರಹೋದ ಬಿಸಿಗಾಳಿಯೇ ಸುತ್ತಿ ಬಳಸಿ ಮುಂಬದಿಯಿಂದ ಮತ್ತೆ ಒಳಸೇರುತ್ತದೆ.