ಗರಿಯ ಬುಡದಲ್ಲಿ ಸಾರಜನಕ

ಬೆಳೆಯ ಸಿರಿ ಮೊಳಕೆಯಲ್ಲಿ ಎಂಬುದು ನಮ್ಮ ನಾಣ್ಣುಡಿ. ಭತ್ತ, ರಾಗಿ, ಜೋಳ, ಗೋಧಿ, ದನ ಮೇಯುವ ಹುಲ್ಲು ಇವೆಲ್ಲ ಒಂದೇ ಕುಲದವು. ಇವುಗಳ ಸಿರಿ ಗರಿಯ ಬುಡದಲ್ಲಿ ಎಂದರೂ ಸಲ್ಲುತ್ತದೆ. ಮಾವಿನ ಚಿಗುರು ನಮ್ಮ ಕಣ್ಣೆದುರಿಗೇ ಹಿಗ್ಗಿ ಎಲೆಯಾಗುತ್ತದೆ. ಹುಲ್ಲಿನ ಗರಿ ಹಾಗಲ್ಲ. ಅದರ ತುದಿಯೇ ಮೊದಲು ಬಲಿಯುತ್ತದೆ. ಬೆಳವಣಿಗೆಯೆಲ್ಲ ಹಳೆಯ ಎಲೆಗಳ ಒರೆಯೊಳಗೆ ಅಡಗಿರುವ, ಕೆಲವೇ ಸೆಂಟಿಮೀಟರು ಉದ್ದದ ಬುಡದಲ್ಲಿ ನಡೆಯುತ್ತದೆ. ಹಸು ತುದಿಯನ್ನು ಕಚ್ಚಿ ತಿಂದರೂ ಎಳೆಯ ಗರಿ ಮತ್ತೆ ಮೇಲೇರುವುದು ಇದರಿಂದಲೇ.

ಈ ಬುಡದಲ್ಲಿ ಜೀವಕಣಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತವೆ; ಅನಂತರ ನೀಳವಾಗಿ ಗರಿಯನ್ನು ಮೇಲಕ್ಕೆ ನೂಕುತ್ತವೆ. ಹೊಸ ಕಣವನ್ನು ಕಟ್ಟಲು ಸಸಾರಜನಕ ವಸ್ತು ಬೇಕು; ಅದನ್ನು ಕಟ್ಟಲು ಸಾರಜನಕ ಬೇಕು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಪೈರು ಅದನ್ನು ನೇರವಾಗಿ ಬಳಸಲಾರದು. ಮಣ್ಣಿನಿಂದ ಬೇರಿನ ಮೂಲಕ ಪಡೆಯಬೇಕು. ಕೊರತೆಯಾದರೆ ಹೊಸ ಎಲೆಗಳು ಹೊರಡುವ ಸರದಿ ಅಷ್ಟಾಗಿ ತಪ್ಪದು. ಆದರೆ ಕಣಗಳ ಸಂಖ್ಯೆ ಕುಗ್ಗಿ ಒಂದೊಂದು ಗರಿಯೂ ಗಿಡ್ಡವಾಗುತ್ತದೆ, ತೆಂಡೆಗಳೂ ಕಡಮೆಯಾಗುತ್ತವೆ. ಆಗ ಪೈರು ಹಳೆಯ ಎಲೆಯಲ್ಲಿರುವ ಸಾರಜನಕವನ್ನು ಬಿಡಿಸಿ ಎಳೆಯ ಎಲೆಗೆ ಸಾಗಿಸುತ್ತದೆ. ಹಳದಿ ಬಣ್ಣ ಮೊದಲು ಕೆಳಗಿನ ಎಲೆಗಳಲ್ಲಿ, ಅದೂ ತುದಿಯಲ್ಲಿ ಕಾಣಿಸುವುದು ಇದೇ ಕಾರಣದಿಂದ.

ಆದುದರಿಂದ ಗೊಬ್ಬರದ ಮೊತ್ತದಷ್ಟೇ ಕಾಲವೂ ಮುಖ್ಯ. ಗಿಡ್ಡವಾಗಿಯೇ ಬೆಳೆದು ಮುಗಿದ ಗರಿ ಆಮೇಲೆ ಎಷ್ಟು ಗೊಬ್ಬರ ಸುರಿದರೂ ಉದ್ದವಾಗದು, ಹಸಿರೇರಬಹುದು, ಅಷ್ಟೆ. ಇನ್ನೂ ಒರೆಯೊಳಗಿರುವ ಗರಿಗೇ ಅದರ ಪೂರ್ಣ ಪ್ರಯೋಜನ. ನೂರಕ್ಕೆ 46 ಪಾಲು ಸಾರಜನಕವುಳ್ಳ ಯೂರಿಯಾವನ್ನು ಭತ್ತಕ್ಕೆ ಒಂದೇ ಸಲ ಸುರಿಯದೆ, ತೆಂಡೆಯೊಡೆಯುವಾಗ ಒಮ್ಮೆ, ತೆನೆ ಒಳಗೆ ರೂಪುಗೊಳ್ಳುವಾಗ ಒಮ್ಮೆ ಎಂದು ಕಂತುಗಳಲ್ಲಿ ಕೊಡುವ ಪದ್ಧತಿ ಈ ಮರ್ಮವನ್ನು ಅನುಸರಿಸಿದ್ದು.

ಹಾಗೆಂದು ಹೆಚ್ಚಿದಷ್ಟೂ ಒಳಿತೆಂದಲ್ಲ. ಅತಿಯಾಗಿ ಉಂಡ ಭತ್ತದ ಮೆತ್ತನೆಯ ಎಲೆಗೆ ಬೆಂಕಿರೋಗ ಬೇಗ ತಗಲುತ್ತದೆ; ಮೇಲಿನ ಭಾರಕ್ಕೆ ಪೈರು ನೆಲಕ್ಕೊರಗುತ್ತದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನಲ್ಲಿ ಒಂದು ಹುಲ್ಲುಗಾವಲನ್ನು 1856ರಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಸಾರಜನಕ ಹಾಕಿದ ತಾಕುಗಳಲ್ಲಿ ಹುಲ್ಲು ಹುಲುಸಾಯಿತು. ಆದರೆ ಅದರ ನಡುವೆ ಬಾಳುತ್ತಿದ್ದ ಬಗೆಬಗೆಯ ಸಸ್ಯಗಳು ಕಡಮೆಯಾದವು.

ಇಂದು ಭತ್ತದ ರೈತನಿಗೆ ಎಲೆಬಣ್ಣದ ಪಟ್ಟಿ ದೊರೆಯುತ್ತದೆ. ಎಲೆಯ ಹಸಿರನ್ನು ಪಟ್ಟಿಯ ಹಸಿರಿನೊಡನೆ ಹೋಲಿಸಿ, ಪೈರು ಹಸಿದಾಗ ಮಾತ್ರ ಗೊಬ್ಬರ ಕೊಡಬಹುದು. ಪಟ್ಟಣದ ನಮ್ಮ ತಟ್ಟೆಯ ಅನ್ನಕ್ಕೂ ಲೋಟದ ಹಾಲಿಗೂ ಈ ಹೊತ್ತರಿತ ಉಣಿಸೇ ಆಧಾರ.