ಮೊಬೈಲ್ ಆಟದ ಸಿರಿವಂತ ಪ್ರೇಮಿ: ನಂಬುವುದೆಷ್ಟು, ಬಿಡುವುದೆಷ್ಟು?

ಗಜೇಂದ್ರಗಡ: ನಾಯಕಿಯ ತಂದೆಯ ಸಾಲ ತೀರಿಸುವವನು ಅವನೇ, ಆ ಸಾಲದ ಬಲೆ ಹೆಣೆದವನೂ ಅವನೇ. ಆದರೂ ಕಥೆಯ ಕೊನೆಗೆ ನಾಯಕಿ ಅವನನ್ನೇ ವರಿಸುತ್ತಾಳೆ. ಓದುತ್ತ ಆಡುವ ಮೊಬೈಲ್ ‘ಆಯ್ಕೆಯ ಆಟ’ಗಳಲ್ಲಿ ಇಂತಹ ಸಿರಿವಂತ, ಕುತಂತ್ರಿ ಪ್ರೇಮಿ ಚಿರಪರಿಚಿತ ಪಾತ್ರ. ಈ ಪ್ರೇಮವನ್ನು ನಂಬಬಹುದೇ? ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಹಿರಿಯರು ಬಲ್ಲ ಸಣ್ಣಾಟವೊಂದರಲ್ಲಿಯೇ ಅದರ ಸುಳಿವಿದೆ.

ಏನಿದು ಆಯ್ಕೆಯ ಆಟ?

ಪರದೆಯ ಮೇಲೆ ಕಥೆ ಸಾಗುತ್ತದೆ. ತಿರುವು ಬಂದಾಗ ಎರಡು ಮೂರು ಉತ್ತರಗಳು ಮೂಡುತ್ತವೆ. ಆಟಗಾರರು ಒತ್ತಿದ ಉತ್ತರದಂತೆ ಮುಂದಿನ ಸನ್ನಿವೇಶ ತೆರೆದುಕೊಳ್ಳುತ್ತದೆ. ಅಮೆರಿಕದ ಪಿಕ್ಸೆಲ್‌ಬೆರಿ ಸಂಸ್ಥೆ 2016ರಲ್ಲಿ ಹೊರತಂದ ‘ಚಾಯ್ಸಸ್’ ಈ ಬಗೆಯದು. ಅದರ ‘ದಿ ರಾಯಲ್ ರೊಮ್ಯಾನ್ಸ್’ ಕಥೆಯಲ್ಲಿ ನ್ಯೂಯಾರ್ಕಿನ ಹೋಟೆಲ್ ಪರಿಚಾರಿಕೆಯೊಬ್ಬಳು ರಾಜಕುಮಾರನ ಕೈಹಿಡಿಯುವ ಸ್ಪರ್ಧೆಗೆ ಇಳಿಯುತ್ತಾಳೆ. ಕೆಲವು ಆಯ್ಕೆಗಳಿಗೆ ‘ವಜ್ರ’ ತೆರಬೇಕು; ಕೈಯಲ್ಲಿರುವುದು ಮುಗಿದರೆ ಹಣ ಕೊಟ್ಟು ಕೊಳ್ಳಬಹುದು.

ಸಂಗ್ಯಾನ ಪಾಠ

ಬೈಲಹೊಂಗಲದ ಘಟನೆಯೊಂದನ್ನು ಆಧರಿಸಿದ್ದೆನ್ನಲಾದ ‘ಸಂಗ್ಯಾ ಬಾಳ್ಯಾ’ ಉತ್ತರ ಕರ್ನಾಟಕದ ಹೆಸರಾಂತ ಸಣ್ಣಾಟ. ಡಾ. ಚಂದ್ರಶೇಖರ ಕಂಬಾರರು ಇದನ್ನು ಆಧುನಿಕ ರಂಗಭೂಮಿಗೂ ತಂದರು. ಸಂಗ್ಯಾ ಉಳ್ಳವರ ಮಗ. ವ್ಯಾಪಾರಿ ಈರಣ್ಣನ ಹೆಂಡತಿ ಗಂಗಾಳ ಮೇಲೆ ಅವನ ಕಣ್ಣು ಬೀಳುತ್ತದೆ. ಹಣವಿದೆ, ಗೆಳೆಯ ಬಾಳ್ಯಾನ ನೆರವಿದೆ, ನಡುವೆ ಓಡಾಡಲು ಮುದುಕಿಯೊಬ್ಬಳಿದ್ದಾಳೆ. ಗಂಗಾ ಒಲಿಯುತ್ತಾಳೆ. ಆದರೆ ಹಣದ ಆಸೆ ಬಾಳ್ಯಾನನ್ನೂ ಬಿಡುವುದಿಲ್ಲ. ಗೆಳೆಯನ ದ್ರೋಹದಿಂದ ಸಂಗ್ಯಾ ಕೊಲೆಯಾಗುತ್ತಾನೆ.

ಈ ಕಥೆಯಲ್ಲಿ ಪ್ರೇಕ್ಷಕನಿಗೆ ಆಯ್ಕೆಯ ಅವಕಾಶವಿಲ್ಲ. ಆದರೂ ಆತ ನಂಬುತ್ತಾನೆ. ಕಾರಣ ಸರಳ: ಸಂಗ್ಯಾ ಹೂಡಿದ ಉಪಾಯ ಪ್ರೇಕ್ಷಕನ ಕಣ್ಣೆದುರಿಗೇ ಇದೆ. ಪ್ರೇಮ ನಿಜವಾದ ಮಾತ್ರಕ್ಕೆ ಕಪಟ ಸುಳ್ಳಾಗುವುದಿಲ್ಲ. ಹಣದಿಂದ ಆರಂಭವಾದ ಆಟಕ್ಕೆ ಹಣವೇ ಕೊನೆ ಹಾಡುತ್ತದೆ. ಮಾಡಿದ್ದಕ್ಕೆ ಬೆಲೆ ತೆರಲೇಬೇಕು ಎಂಬ ಈ ಲೆಕ್ಕವೇ ಕಥೆಯನ್ನು ನಿಲ್ಲಿಸಿದೆ.

ಲೆಕ್ಕ ತಪ್ಪದ ಆಟ

ಈ ಲೆಕ್ಕವನ್ನು ಮರೆಯದ ಆಟಗಳೂ ಇವೆ. ದಕ್ಷಿಣ ಕೊರಿಯಾದ ಚೆರಿಟ್ಜ್ ಸಂಸ್ಥೆ 2016ರಲ್ಲಿ ಬಿಡುಗಡೆ ಮಾಡಿದ ‘ಮಿಸ್ಟಿಕ್ ಮೆಸೆಂಜರ್’ ಅದಕ್ಕೆ ನಿದರ್ಶನ. ಅದರ ಜುಮಿನ್ ಹಾನ್ ದೊಡ್ಡ ಕಂಪನಿಯ ಅಧ್ಯಕ್ಷರ ಮಗ. ಕಾಳಜಿಯ ನೆಪದಲ್ಲಿ ನಾಯಕಿಯನ್ನು ತನ್ನ ಐಷಾರಾಮಿ ಮನೆಯಿಂದ ಹೊರಗೆ ಬಿಡದೆ ಇರಿಸಿಕೊಳ್ಳುತ್ತಾನೆ. ಅವನ ಹಿಡಿತಕ್ಕೆ ಆಟಗಾರರು ತಲೆಬಾಗುತ್ತ ಹೋದರೆ ಕಥೆ ದುರಂತದತ್ತ ಹೊರಳುತ್ತದೆ. ಸಮಾಧಾನದಿಂದ, ಆದರೆ ದೃಢವಾಗಿ ವರ್ತಿಸಿದರೆ ಒಳ್ಳೆಯ ಅಂತ್ಯ ದೊರೆಯುತ್ತದೆ. ಇಲ್ಲಿ ‘ಬೇಡ’ ಎಂಬ ಮಾತಿಗೆ ತೂಕವಿದೆ. ಆದ್ದರಿಂದಲೇ ‘ಹೌದು’ ಎಂಬ ಮಾತಿಗೂ ಅರ್ಥವಿದೆ.

ನಂಬಿಕೆ ಮುರಿಯುವುದೆಲ್ಲಿ?

ಯಾವ ಉತ್ತರ ಒತ್ತಿದರೂ ಕಥೆ ಮತ್ತೆ ಅದೇ ಶ್ರೀಮಂತನ ಬಾಗಿಲಿಗೆ ಬಂದು ನಿಂತರೆ ಅದು ಆಯ್ಕೆಯಲ್ಲ, ಆಯ್ಕೆಯ ವೇಷ. ಬೆದರಿಕೆ, ಸುಳ್ಳು, ಬೇಹುಗಾರಿಕೆ ಎಲ್ಲವನ್ನೂ ‘ಅವನ ಬಾಲ್ಯ ಕಷ್ಟದ್ದಾಗಿತ್ತು’ ಎಂಬ ಒಂದೇ ಮಾತು ತೊಳೆದುಬಿಟ್ಟರೆ ಅಲ್ಲಿಯೂ ನಂಬಿಕೆ ಮುರಿಯುತ್ತದೆ. ಬದಲಾದವನು ತಾನು ಕಿತ್ತುಕೊಂಡದ್ದನ್ನು ಹಿಂದಿರುಗಿಸಬೇಕು, ನಿರಾಕರಣೆಯನ್ನು ಸಹಿಸಬೇಕು. ಅಷ್ಟೂ ಇಲ್ಲದಿದ್ದರೆ ಬದಲಾಗಿರುವುದು ಹಿನ್ನೆಲೆ ಸಂಗೀತ ಮಾತ್ರ.

ಇನ್ನೊಂದು ಸೂಕ್ಷ್ಮವೂ ಇದೆ. ಪ್ರೇಮಿಯೊಂದಿಗೆ ಏಕಾಂತದ ಸನ್ನಿವೇಶವನ್ನು ವಜ್ರಕ್ಕೆ ಮಾರುವ ಆಟದಲ್ಲಿ ಬೇಡವೆನ್ನುವುದು ಬಹುತೇಕ ಉಚಿತ, ಹೌದೆನ್ನುವುದಕ್ಕೆ ದುಡ್ಡು. ದುಡ್ಡು ತೆತ್ತವರಿಗೆ ಕಹಿ ಫಲ ನೀಡಲು ಆಟ ಮಾರುವವರು ಹಿಂಜರಿದರೆ ಅಚ್ಚರಿಯೇನಿಲ್ಲ. ಕುತಂತ್ರಿ ಪ್ರೇಮಿ ಸುಲಭವಾಗಿ ಪಾರಾಗಲು ಇದೂ ಒಂದು ಕಾರಣವಾಗಬಲ್ಲದು.

ಕಥೆಯಾಚೆಗೆ

ಇದು ಕೇವಲ ಕಾಲಹರಣದ ಮಾತಲ್ಲ. ಮೊದಲು ರೀಚಾರ್ಜ್, ಆಮೇಲೆ ಹೊಸ ಫೋನು, ಬಳಿಕ ‘ಪಾಸ್‌ವರ್ಡ್ ಕೊಡು, ಯಾರ ಜೊತೆ ಮಾತಾಡಿದೆ ಹೇಳು’ ಎಂಬ ತಗಾದೆ. ಉಡುಗೊರೆ ಹಿಡಿತವಾಗುವ ಈ ದಾರಿ ಆಟದಲ್ಲಿಯೂ ಒಂದೇ, ಊರಿನಲ್ಲಿಯೂ ಒಂದೇ. ಆಟದಲ್ಲಿ ಕಥೆಯನ್ನು ಮೊದಲಿನಿಂದ ಆರಂಭಿಸಬಹುದು. ಬದುಕಿನಲ್ಲಿ ಆ ಗುಂಡಿ ಇಲ್ಲ.

ಹಾಗೆಂದು ಮಕ್ಕಳ ಕೈಯಿಂದ ಫೋನು ಕಸಿದುಕೊಂಡರೆ ಪ್ರಯೋಜನವಾಗದು. ‘ಅವನಿಗೆ ಬೇಡ ಎಂದರೆ ಕಥೆಯಲ್ಲಿ ಏನಾಗುತ್ತದೆ?’ ಎಂದು ಪಾಲಕರು ಒಮ್ಮೆ ಕೇಳಿ ನೋಡಬಹುದು. ಆ ಉತ್ತರದಲ್ಲಿ ಕಥೆಯ ಯೋಗ್ಯತೆಯೂ ತಿಳಿಯುತ್ತದೆ, ಮಗುವಿನ ಮನಸ್ಸೂ ತಿಳಿಯುತ್ತದೆ. ನಿಜ ಬದುಕಿನಲ್ಲಿಯೇ ಇಂತಹ ಒತ್ತಡ ಎದುರಾದರೆ ಮಹಿಳೆಯರು 181, ಮಕ್ಕಳು 1098 ಸಹಾಯವಾಣಿಗೆ ಕರೆ ಮಾಡಬಹುದು.