ಮಗ್ಗದ ಮನೆಯ ಮಕ್ಕಳ ಸ್ವಂತ ಸಂಪಾದನೆ

ಹದಿಮೂರು ಹದಿನಾಲ್ಕರ ಮಕ್ಕಳು ತಮ್ಮದೇ ಎನ್ನುವ ನಾಲ್ಕು ಕಾಸು ಸಂಪಾದಿಸುವುದು ಹೇಗೆ? ಸೇಲಂ ಜಿಲ್ಲೆಯ ಎಡಪ್ಪಾಡಿಯಂಥ ಊರಿನಲ್ಲಿ ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲೇ ಕೇಳಬೇಕಾಗುತ್ತದೆ. ಇದು ವಿದ್ಯುತ್ ಮಗ್ಗಗಳ ಊರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗ ನೇಕಾರರು ಸೇಲಂ ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆ. ಇಂಥ ಮನೆಗಳ ಮಕ್ಕಳಿಗೆ ಕೆಲಸಕ್ಕೆ ಎಂದೂ ಬರವಿರಲಿಲ್ಲ. ಕಂಡಿಕೆ ಸುತ್ತುವುದು, ಹರಿದ ಎಳೆಗೆ ಗಂಟು ಹಾಕುವುದು, ನೇಯ್ದ ಟವೆಲು ಮಡಚಿಡುವುದು ಇವೆಲ್ಲ ಮಕ್ಕಳ ಪಾಲಿಗೇ ಬರುತ್ತಿದ್ದವು. ಬರವಿದ್ದದ್ದು ಸಂಪಾದನೆಗೆ. ನೇಕಾರನಿಗೆ ಕೂಲಿ ಸಿಗುವುದು ನೇಯ್ದ ಬಟ್ಟೆಯ ಲೆಕ್ಕದಲ್ಲಿ. ಮಗಳು ಸುತ್ತಿಕೊಟ್ಟ ಕಂಡಿಕೆಯ ಬೆಲೆ ಅಪ್ಪನ ಕೂಲಿಯೊಳಗೇ ಕರಗಿಹೋಗುತ್ತದೆ. ಹಾಗಾಗಿ ಮಕ್ಕಳನ್ನು ದುಡಿಮೆಗೆ ಹಚ್ಚುವುದು ಹೇಗೆ ಎಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅವರ ದುಡಿಮೆಯ ಫಲ ಅವರ ಕೈಗೇ ಸೇರುವಂತೆ ಮಾಡುವುದು ಹೇಗೆ ಎಂದು ಯೋಚಿಸಬೇಕಾಗಿದೆ.

ಅದಕ್ಕೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಮುಂಗಡ ಸಾಲ. ಎಡಪ್ಪಾಡಿಯ ನೆರೆಯಲ್ಲೇ ಇರುವ ಕುಮಾರಪಾಳಯಂನ ವಿದ್ಯುತ್ ಮಗ್ಗಗಳನ್ನು ಕುರಿತು ಮಾನವಶಾಸ್ತ್ರಜ್ಞ ಗೀರ್ಟ್ ಡಿ ನೀವ್ 1999ರಲ್ಲಿ ಬರೆದ ಲೇಖನದ ವಿಷಯವೇ 'ಬಾಕಿ'. ಕೆಲಸಕ್ಕೆ ಸೇರುವಾಗ ಕಾರ್ಮಿಕ ಮಾಲೀಕನಿಂದ ಪಡೆಯುವ ಮುಂಗಡ ಅದು. ಬೇರೆ ಮಗ್ಗಕ್ಕೆ ಹೋಗಬೇಕಾದರೆ ಹಳೆಯ ಬಾಕಿ ತೀರಿಸಬೇಕು, ತೀರಿಸಲು ಹೊಸ ಮಾಲೀಕನಿಂದ ಮತ್ತೆ ಬಾಕಿ ತೆಗೆದುಕೊಳ್ಳಬೇಕು. ಸಾಲದ ಬಲದಿಂದ ದುಡಿಸಿಕೊಳ್ಳುವ ಜೀತವನ್ನು 1976ರ ಕಾಯ್ದೆ ರದ್ದು ಮಾಡಿದ್ದರೂ ಮುಂಗಡದ ಕಟ್ಟು ಸಡಿಲಾಗಲಿಲ್ಲ. ಇಂಥ ಮನೆಯ ಹುಡುಗ ಅದೇ ಮಗ್ಗದಲ್ಲಿ ಕೈಹಚ್ಚಿದರೆ ಅವನ ಕೂಲಿ ಅವನನ್ನು ಮುಟ್ಟುವ ಮೊದಲೇ ಮಾಲೀಕನ ಪುಸ್ತಕದಲ್ಲಿ ವಜಾ ಆಗುತ್ತದೆ. ತನ್ನ ಹಣ ಎಂಬುದೊಂದು ಅವನಿಗೆ ಬೇಕಿದ್ದರೆ ಆ ಕೆಲಸ ಬಾಕಿಯ ಪುಸ್ತಕದಿಂದ ಹೊರಗಿರಲೇಬೇಕು. ಕೆಲಸ ಯಾವುದು ಎಂಬುದು ಆಮೇಲಿನ ಮಾತು.

ಕುಲಕಸುಬನ್ನು ಎಳೆಯ ಕೈಯೇ ಕಲಿಯಬೇಕು, ಮಗ್ಗದಿಂದ ದೂರವಿಟ್ಟರೆ ಕಲೆಯೇ ಅಳಿಯುತ್ತದೆ ಎಂಬ ಆಕ್ಷೇಪಣೆ ಹಳೆಯದು, ಹಗುರವಾದುದೂ ಅಲ್ಲ. ಅದಕ್ಕೆ ಮನ್ನಣೆ ಕೊಟ್ಟಾಗ ಏನಾಯಿತು ಎಂಬುದನ್ನು ಕಾನೂನಿನ ಚರಿತ್ರೆಯೇ ತೋರಿಸುತ್ತದೆ. 1986ರ ಬಾಲಕಾರ್ಮಿಕ ಕಾಯ್ದೆ ಬಟ್ಟೆಗೆ ಅಚ್ಚು ಹಾಕುವುದು, ಬಣ್ಣ ಹಾಕುವುದು, ನೇಯುವುದು ಈ ಮೂರನ್ನೂ ಮಕ್ಕಳಿಗೆ ನಿಷೇಧಿಸಿತು. ಆದರೆ ಮನೆಯವರ ನೆರವಿನಿಂದ ನಡೆಯುವ ಕಾರ್ಯಾಗಾರಕ್ಕೆ ವಿನಾಯಿತಿ ಕೊಟ್ಟಿತು. ಮಗ್ಗ ಮನೆಯೊಳಗೇ ಇರುವ ಊರಿನಲ್ಲಿ ಆ ವಿನಾಯಿತಿಯ ಮುಂದೆ ನಿಷೇಧಕ್ಕೆ ಬಲವೇ ಉಳಿಯಲಿಲ್ಲ. 2016ರ ತಿದ್ದುಪಡಿ 14ರೊಳಗಿನವರನ್ನು ಯಾವ ಕೆಲಸಕ್ಕೂ ನೇಮಿಸಿಕೊಳ್ಳುವಂತಿಲ್ಲ ಎಂದಿತು. 14ರಿಂದ 18ರವರನ್ನು ಅಪಾಯದ ಕೆಲಸಗಳಿಂದ ದೂರವಿಟ್ಟಿತು. ಮನೆಗೆಲಸಕ್ಕೆ, ಮನೆಯ ಕಸುಬಿಗೆ ನೆರವಾಗಲು ಬಿಟ್ಟರೂ 2017ರ ನಿಯಮಗಳು ಅದಕ್ಕೆ ಮಿತಿ ಹಾಕಿದವು: ಶಾಲೆಯ ಹೊತ್ತಿನಲ್ಲಿ ಕೂಡದು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೂಡದು, ದಿನಕ್ಕೆ ಮೂರು ಗಂಟೆ ಮೀರಕೂಡದು. ಕೈಮಗ್ಗದ ಜಾಣ್ಮೆಯನ್ನು ಈ ಹೊತ್ತಿನೊಳಗೆ ಕಲಿಸಲು ಸಾಧ್ಯ. ವಿದ್ಯುತ್ ಮಗ್ಗದ ಮಾತು ಬೇರೆ. ಪಕ್ಕದಲ್ಲಿ ನಿಂತವರ ಮಾತೂ ಕೇಳದ ಸದ್ದು, ಮೂಗಿಗೆ ಅಡರುವ ಹತ್ತಿಯ ನವಿರು, ರಾತ್ರಿಯ ಪಾಳಿ, ಇವುಗಳ ನಡುವೆ ಮಗು ಕಲಿಯುವ ಕಲೆಗಿಂತ ಕಳೆದುಕೊಳ್ಳುವ ಆರೋಗ್ಯವೇ ಹೆಚ್ಚು.

ಹಾಗಾದರೆ ಉಳಿದ ದಾರಿ ಯಾವುದು? ಕೂಲಿಗೆ ಹೋಗದೆ ತಾವೇ ಮಾಡಿ ತಾವೇ ಮಾರುವ ಸಣ್ಣ ಕೆಲಸಗಳು. ಓದಿನಲ್ಲಿ ಮುಂದಿರುವ ಎಂಟು, ಒಂಬತ್ತನೆಯ ತರಗತಿಯ ಹುಡುಗಿ ಬೀದಿಯ ಚಿಕ್ಕ ಮಕ್ಕಳಿಗೆ ಸಂಜೆ ಒಂದು ಗಂಟೆ ಲೆಕ್ಕ ಹೇಳಿಕೊಡಬಹುದು. ಅವಳ ಓದೂ ಅದರಿಂದ ಗಟ್ಟಿಯಾಗುತ್ತದೆ. ಬೇಸಿಗೆ ರಜೆಯಲ್ಲಿ ಮಜ್ಜಿಗೆ, ಪಾನಕ ಮಾರಬಹುದು. ಹಿತ್ತಿಲಿದ್ದರೆ ನಾಲ್ಕು ಕೋಳಿ ಸಾಕಬಹುದು, ಸೊಪ್ಪು ಬೆಳೆಯಬಹುದು. ನೂಲಿನ ಗುರುತು ಬೆರಳಿಗೇ ಇರುವ ಮಕ್ಕಳಿಗೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಒಲಿಯುವ ಕೆಲಸ. ಆದರೆ ಅದನ್ನು ಸೀರೆ ಉಡುವವರಿಂದಲೇ ನೇರವಾಗಿ ಪಡೆಯಬೇಕು. ದಲ್ಲಾಳಿ ತಂದು ಸುರಿಯುವ ಸೀರೆರಾಶಿಗೆ ಕೂತರೆ ಅದು ಬೇರೆ ಹೆಸರಿನ ಕೂಲಿಯೇ ಆದೀತು. ಇಂಥ ವ್ಯಾಪಾರ ಕೈಯಿಂದ ಕೈಗೆ, ನಗದಾಗಿ ನಡೆಯುವುದೇ ಕ್ಷೇಮ. 1872ರ ಕರಾರು ಕಾಯ್ದೆಯಂತೆ 18 ತುಂಬದವರು ಕರಾರಿಗೆ ಅರ್ಹರಲ್ಲ, ಆದ್ದರಿಂದ ಸಾಲ, ಮುಂಗಡಗಳ ಗೊಡವೆ ಬೇಡ. ಇವೆಲ್ಲದರ ಜೊತೆಗೆ ಲೆಕ್ಕ ಬರೆಯುವುದನ್ನು ಕಲಿಸುವುದು ಬಹಳ ಮುಖ್ಯ ಎಂದು ನನಗೆ ಅನಿಸುತ್ತದೆ. ಮಜ್ಜಿಗೆ ಮಾರಿ ಬಂದ ಹಣವೆಲ್ಲ ಲಾಭವಲ್ಲ. ಅಮ್ಮ ಕೊಟ್ಟ ಹಾಲಿನ ಬೆಲೆಯನ್ನು ಮೊದಲು ಅಮ್ಮನಿಗೆ ಹಿಂದಿರುಗಿಸಬೇಕು. ಕರ್ನಾಟಕದ ಸರ್ಕಾರಿ ಶಾಲೆಗಳ ಮಕ್ಕಳ ಸಂತೆಯಲ್ಲಿ ತರಕಾರಿ ತೂಗಿ ಚಿಲ್ಲರೆ ಎಣಿಸುವ ಮಕ್ಕಳು ಒಂದು ದಿನದಲ್ಲಿ ಕಲಿಯುವ ಪಾಠವನ್ನು ಇಲ್ಲಿಯ ಮಕ್ಕಳು ಇಡೀ ರಜೆ ಕಲಿಯಬಹುದು.

ಮನೆಯಲ್ಲಿ ಒಲೆ ಉರಿಯುವುದೇ ಕಷ್ಟವಾಗಿರುವಾಗ ಮಗುವಿನ ಹಣ ಬೇರೆ, ಮನೆಯ ಹಣ ಬೇರೆ ಎನ್ನುವುದು ಉಳ್ಳವರ ಮಾತು ಎಂದು ಕೆಲವರಿಗೆ ಅನಿಸಬಹುದು. ಈ ಸಂಕಟ ನಿಜ. ದುಡಿಯುವ ಮಕ್ಕಳೇ ಇದನ್ನು ಹೇಗೆ ನೋಡಿದರು ಎಂಬುದನ್ನೂ ಗಮನಿಸಬೇಕು. ಕರ್ನಾಟಕದಲ್ಲಿ 1990ರಲ್ಲಿ ದುಡಿಯುವ ಮಕ್ಕಳದೇ ಸಂಘಟನೆಯಾದ ಭೀಮ ಸಂಘ ಹುಟ್ಟಿತು. 1996ರಲ್ಲಿ ಹಲವು ದೇಶಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರದಲ್ಲಿ ಸೇರಿದಾಗ ಅವರು ದುಡಿಮೆಯನ್ನೇ ಬೇಡವೆನ್ನಲಿಲ್ಲ. ಶೋಷಣೆ ಬೇಡ, ಗೌರವದ ಕೆಲಸ ಬೇಕು, ಓದಿಗೂ ಬಿಡುವಿಗೂ ಹೊತ್ತು ಉಳಿಯಬೇಕು ಎಂದು ಕೇಳಿದರು. ಮನೆಗೆ ಕೊಡಲು ಮಕ್ಕಳು ಹಿಂಜರಿಯುವುದಿಲ್ಲ. ತಾನು ಇಷ್ಟು ಕೊಟ್ಟೆ ಎಂದು ಮಗುವಿಗೆ ತಿಳಿದಿರುವುದಕ್ಕೂ, ಕೊಟ್ಟದ್ದೇ ಯಾರಿಗೂ ಕಾಣದಿರುವುದಕ್ಕೂ ಬಹಳ ಅಂತರವಿದೆ. ಮಗುವಿಗೊಂದು ಪಾಲು ಸಲ್ಲಬೇಕೆಂಬುದನ್ನು ಕಾನೂನು ಒಂದು ಕಡೆ ಆಗಲೇ ಒಪ್ಪಿದೆ. ಅದೇ 2017ರ ನಿಯಮಗಳ ಪ್ರಕಾರ ಸಿನಿಮಾದಲ್ಲಿ ನಟಿಸುವ ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇಕಡಾ 20 ಅದರ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ನಟಿಸುವ ಮಗುವಿಗೆ ಸಲ್ಲುವ ನ್ಯಾಯ ನೇಕಾರನ ಮಗುವಿಗೂ ಸಲ್ಲಲಿ. ಹತ್ತು ತುಂಬಿದ ಮಕ್ಕಳು ಉಳಿತಾಯ ಖಾತೆ ತೆರೆದು ತಾವೇ ನಡೆಸಲು ರಿಸರ್ವ್ ಬ್ಯಾಂಕ್ 2014ರಿಂದಲೇ ಬ್ಯಾಂಕುಗಳಿಗೆ ಅವಕಾಶ ಕೊಟ್ಟಿದೆ. ಕೈಗೆ ಕಾಸು ಬಂದರೆ ಮಕ್ಕಳು ಕೆಡುತ್ತಾರೆ ಎಂಬ ಅಂಜಿಕೆಗೂ ಈ ಖಾತೆಯ ಪುಸ್ತಕದಲ್ಲೇ ಸಮಾಧಾನವಿದೆ. ಬಂದದ್ದು, ಹೋದದ್ದು ಎರಡೂ ಅಲ್ಲಿ ಕಾಣುತ್ತವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೊಯಮತ್ತೂರು, ತಿರುಪ್ಪೂರು, ಈರೋಡು ಕಡೆಯ ನೂಲಿನ ಗಿರಣಿಗಳು ಹಳ್ಳಿಯ ಬಡಹುಡುಗಿಯರನ್ನು 'ಸುಮಂಗಲಿ' ಎಂಬ ಹೆಸರಿನ ಯೋಜನೆಯಡಿ ಕರೆದುಕೊಂಡವು. ಹಾಸ್ಟೆಲಿನಲ್ಲಿಟ್ಟು, ಸಂಬಳದ ಪಾಲನ್ನು ತಡೆಹಿಡಿದು, ಮೂರು ವರ್ಷ ಮುಗಿದ ಮೇಲೆ ಮದುವೆಗೆಂದು ಇಡುಗಂಟು ಕೊಡುವುದಾಗಿ ಹೇಳಿದವು. ಕಾಯಿಲೆ ಬಿದ್ದು ನಡುವೆ ಬಿಟ್ಟುಬಂದವರಲ್ಲಿ ಎಷ್ಟೋ ಜನ ಆ ಗಂಟನ್ನು ಕಾಣಲೇ ಇಲ್ಲ. ದುಡಿದವಳು ಅವಳು, ಆದರೆ ಹಣ ಯಾವಾಗ ಬರಬೇಕು, ಯಾವುದಕ್ಕೆ ಹೋಗಬೇಕು ಎಂದು ತೀರ್ಮಾನಿಸಿದವರು ಬೇರೆಯವರು. ಇದಕ್ಕೆ ಎದುರಾಗಿ 2022ರಲ್ಲಿ ತಮಿಳುನಾಡು ಸರ್ಕಾರ ತಂದ ಪುದುಮೈ ಪೆಣ್ ಯೋಜನೆಯನ್ನು ನೋಡಿ. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಯ ಖಾತೆಗೆ ತಿಂಗಳು ತಿಂಗಳೂ 1000 ರೂಪಾಯಿ ನೇರವಾಗಿ ಬರುತ್ತದೆ. ಕುಚ್ಚು ಕಟ್ಟಿ ಗಳಿಸಿದ ಮಗಳ ಹಣವನ್ನು ಮದುವೆಯ ಚಿನ್ನಕ್ಕೆಂದು ಎತ್ತಿಡುವ ತಾಯಂದಿರು ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೂ ಆ ಪಾಸ್‌ಬುಕ್ ಮಗಳ ಕೈಯಲ್ಲೇ ಇರಲಿ. ಹತ್ತನೆಯ ತರಗತಿ ಮುಗಿದಾಗ ಅದರಲ್ಲಿರುವುದು ಎರಡೋ ಮೂರೋ ಸಾವಿರವೇ ಆಗಿದ್ದರೂ ಸೈಕಲ್ಲಿಗೋ, ಮುಂದಿನ ತರಗತಿಯ ಪುಸ್ತಕಕ್ಕೋ, ಮನೆಯ ಅಕ್ಕಿಗೋ ಎಂದು ಅವಳೇ ಹೇಳಲಿ.